ನನ್ನ ಗಂಡನ ರೂಮ್‌ಮೇಟು

ಮದುವೆಯಾಗಿ ಐದು ತಿಂಗಳಿಗೆ ನನ್ನ ವೀಸಾ ಬಂತು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನನಿಲ್ದಾಣದಲ್ಲಿ ಎರಡು ಸೂಟ್‌ಕೇಸು ಹೇರಿದ ಗಾಡಿ ತಳ್ಳಿಕೊಂಡು ಹೊರಗೆ ಬಂದಾಗ ಆಚೆ ಇಬ್ಬರು ಗಂಡಸರು ಕೈ ಬೀಸುತ್ತಿದ್ದರು. ಒಬ್ಬರು ನನ್ನ ಗಂಡ. ಇನ್ನೊಬ್ಬನನ್ನು ನಾನು ನೋಡಿರಲಿಲ್ಲ, ಆದರೆ ಯಾರೆಂದು ತಕ್ಷಣ ತಿಳಿಯಿತು. ಐದು ತಿಂಗಳು ಇವರು ಫೋನಿನಲ್ಲಿ ಆಡಿದ ಮಾತಿನಲ್ಲಿ ಅರ್ಧ ‘ನಮ್ಮ ರೂಮ್‌ಮೇಟು’ ಏನು ಮಾಡಿದ, ಏನು ಹೇಳಿದ ಎಂಬುದೇ ಇರುತ್ತಿತ್ತು.

ಗಂಡನನ್ನು ಕಂಡ ಕೂಡಲೇ ಏನು ಹೇಳಬೇಕೆಂದು ವಿಮಾನದಲ್ಲಿ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಮೂರನೆಯವರ ಎದುರಿಗೆ ಹೇಳುವಂಥ ಮಾತು ಅದರಲ್ಲಿ ಒಂದೂ ಇರಲಿಲ್ಲ.

“ನಮಸ್ಕಾರ್ರೀ ವೈನಿ. ಪ್ರಯಾಣ ಆರಾಮ ಆತೇನ್ರೀ?” ಎಂದು ಆತ ನನ್ನ ಕೈಯಿಂದ ಗಾಡಿ ತೆಗೆದುಕೊಂಡ.

ಆತ ಗದಗದ ಕಡೆಯವನು. ನಾನು ಮಂಡ್ಯದವಳು. ಅಣ್ಣನ ಹೆಂಡತಿಯನ್ನು ಅವರ ಕಡೆ ವೈನಿ ಎನ್ನುತ್ತಾರೆಂದು ನನಗೆ ಗೊತ್ತಾದದ್ದೇ ಅವತ್ತು. ಇವರ ಕಾರಿನಲ್ಲಿ ಸೂಟ್‌ಕೇಸು ಹಿಡಿಸುವುದಿಲ್ಲವೆಂದು ಆತನ ಕಾರು ತಂದಿದ್ದರು. ಮುಂದೆ ಕೂತುಕೊಳ್ಳಿ ಎಂದು ಆತ ಬಾಗಿಲು ತೆಗೆದು ನಿಂತ. ನಾನು ಸಂಕೋಚಪಟ್ಟು ಹಿಂದೆ ಕೂತೆ. ಇವರು ಒಂದು ಸಲವೂ ಒತ್ತಾಯ ಮಾಡದೆ ಮುಂದೆ ಕೂತರು. ಫ್ರೀವೇ ಹತ್ತುವ ಹೊತ್ತಿಗೆ ಅವರಿಬ್ಬರೂ ಇವರ ಆಫೀಸಿನ ಯಾವನೋ ಮ್ಯಾನೇಜರನ್ನು ಅಣಕಿಸುತ್ತ ನಗುತ್ತಿದ್ದರು. ನಾನು ಡಿಕ್ಕಿಯಲ್ಲಿ ಹಿಡಿಸದೆ ಉಳಿದ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಗಂಡನ ಕತ್ತಿನ ಹಿಂಭಾಗವನ್ನು ನೋಡುತ್ತಿದ್ದೆ. ಇವರು ಹೀಗೂ ನಗುತ್ತಾರೆಂದು ನನಗೆ ಗೊತ್ತಿರಲಿಲ್ಲ. ಮದುವೆಯ ನಂತರ ಜೊತೆಗಿದ್ದ ಹದಿನಾರು ದಿನಗಳಲ್ಲಿ ಇವರು ನಕ್ಕದ್ದೆಲ್ಲ ಸಣ್ಣ, ಮರ್ಯಾದಸ್ಥ ನಗು.

ಮನೆ ಫಾಸ್ಟರ್ ಸಿಟಿಯಲ್ಲಿ. ಎರಡನೇ ಮಹಡಿ, ಎರಡು ಮಲಗುವ ಕೋಣೆ, ನೆಲಕ್ಕೆಲ್ಲ ಗೋಧಿಹಿಟ್ಟಿನ ಬಣ್ಣದ ಕಾರ್ಪೆಟ್ಟು. ಹಾಲಿನ ಕಿಟಕಿಯಿಂದ ಎರಡು ಕಟ್ಟಡಗಳ ನಡುವೆ ಲಗೂನ್ ಎಂದು ಕರೆಯುವ ಹಿನ್ನೀರು ಒಂದು ಪಟ್ಟಿಯಷ್ಟು ಕಾಣುತ್ತಿತ್ತು. ಎರಡು ವರ್ಷ ಆ ಮನೆಯಲ್ಲಿ ಇವರಿಬ್ಬರೇ ಇದ್ದರು. ನಾನು ಬರುವ ಹಿಂದಿನ ವಾರ ಆತ ಅದೇ ಆವರಣದಲ್ಲಿ, ಅಂಗಳದ ಆಚೆ ಬದಿಯ ಒಂಟಿಕೋಣೆಯ ಮನೆಗೆ ಹೋಗಿದ್ದ. ಅಡುಗೆಮನೆಯ ಸಿಂಕಿನ ಮುಂದೆ ನಿಂತರೆ ಆತನ ಬಾಗಿಲು ಕಾಣುತ್ತಿತ್ತು.

ಅವತ್ತಿನ ಊಟ ಆತನೇ ಮಾಡಿಟ್ಟಿದ್ದ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಎರಡು ದಿನ ವಿಮಾನದ ಒಣ ಬನ್ನು ತಿಂದು ಬಂದವಳಿಗೆ ಅದು ಅಮೃತದ ಹಾಗಿತ್ತು. ನಾಲ್ಕು ರೊಟ್ಟಿ ತಿಂದೆ. ತಿಂದು ಕೈ ತೊಳೆಯುವಾಗ ನನಗೆ ಸಿಟ್ಟು ಬಂತು. ಆ ಮನೆಯಲ್ಲಿ ನನ್ನ ಗಂಡನಿಗೆ ಮೊದಲ ತುತ್ತು ಬಡಿಸುವವಳು ನಾನು ಎಂದುಕೊಂಡಿದ್ದೆ. ನನಗೇ ಬಡಿಸಿಬಿಟ್ಟಿದ್ದರು.

ಮಾರನೆಯ ದಿನ ಇವರು ಆಫೀಸಿಗೆ ಹೋದ ಮೇಲೆ ಅಡುಗೆಮನೆಯ ಕಪಾಟುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಸಾಲಾಗಿ ಡಬ್ಬಿಗಳು. ಪ್ರತಿಯೊಂದಕ್ಕೂ ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ತೊಗರಿ ಬ್ಯಾಳಿ. ಶೇಂಗಾ. ಪುಠಾಣಿ. ಹುಣಸಿಹಣ್ಣು. ಅದು ಇವರ ಕೈಬರಹವಲ್ಲ. ನಾನು ಊರಿಂದ ತಂದ ರಾಗಿಹಿಟ್ಟು, ಸಾರಿನ ಪುಡಿ, ಹುಳಿಪುಡಿ ಇಡುವುದಕ್ಕೆ ಆ ಸಾಲಿನಲ್ಲಿ ಒಂದು ಅಂಗುಲ ಜಾಗವಿರಲಿಲ್ಲ.

ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ಎಲ್ಲ ಡಬ್ಬಿಗಳನ್ನೂ ಕೆಳಗಿಳಿಸಿ, ಬಿಸಿನೀರಿನಲ್ಲಿ ನೆನೆಸಿ, ಅಂಟುಪಟ್ಟಿಗಳನ್ನು ಉಗುರಿನಿಂದ ಕೆರೆದು ತೆಗೆದೆ. ಕಾಳುಗಳನ್ನು ಒಲೆಯ ಬಲಗಡೆಗೆ, ಪುಡಿಗಳನ್ನು ಎಡಗಡೆಗೆ, ಸಕ್ಕರೆ ಕಾಫಿಪುಡಿಯನ್ನು ಮೇಲಕ್ಕೆ ಇಟ್ಟೆ. ಸಂಜೆ ಇಬ್ಬರೂ ಬಂದರು. ಆತ ದಿನಾ ಸಂಜೆ ಬರುತ್ತಿದ್ದ. ತನ್ನ ಮನೆಗೆ ಹೋಗಿ ಬೂಟು ಬಿಚ್ಚಿಟ್ಟು ಚಪ್ಪಲಿ ಹಾಕಿಕೊಂಡು ನಮ್ಮ ಮನೆಗೆ ಬರುತ್ತಿದ್ದ. ಅವತ್ತು ಚಹಾಕ್ಕೆ ನೀರಿಟ್ಟು ಕಪಾಟಿಗೆ ಕೈಹಾಕಿದವನು ಬೆಪ್ಪಾಗಿ ನಿಂತ.

“ವೈನಿ, ಸಕ್ಕರಿ ಎಲ್ಲಿ ಹೋತ್ರೀ?”

“ಮೇಲಿದೆ,” ಎಂದೆ.

ಅಷ್ಟರಲ್ಲಿ ಇವರೂ ಹಳೆಯ ಜಾಗಕ್ಕೇ ಕೈಹಾಕಿದ್ದರು. “ಮೊದ್ಲು ಇದ್ದಿದ್ದೇ ಸರಿ ಇತ್ತು ಕಣೇ. ಕಣ್ಣು ಮುಚ್ಕೊಂಡು ತಗೋಬಹುದಿತ್ತು,” ಎಂದರು.

“ಲೇ, ಅವ್ರ ಮನಿ ಅದು. ಅವ್ರು ಹೆಂಗ ಇಡ್ತಾರೋ ಹಂಗ. ನೀ ಕಲ್ತುಕೋ,” ಎಂದು ಆತ ಇವರ ಬೆನ್ನಿಗೊಂದು ಗುದ್ದಿದ. ಇಬ್ಬರೂ ನಕ್ಕರು. ನನ್ನ ಪರವಾಗಿ ಮಾತಾಡಿದವನು ಆತ. ಅದೇ ನನಗೆ ಹಿಡಿಸಲಿಲ್ಲ. ಇವರ ಬಾಯಿಂದ ಬರಬೇಕಾದ ಮಾತು ಆತನ ಬಾಯಿಂದ ಬಂದಿತ್ತು.

ಇನ್ನೂ ಒಂದು ಸಂಗತಿ ನನ್ನನ್ನು ಕುಟುಕುತ್ತಿತ್ತು. ನನ್ನ ಗಂಡನೂ ಮಂಡ್ಯ ಜಿಲ್ಲೆಯವರೇ. ಮದುವೆ ಮಾತುಕತೆಗೆ ಬಂದಾಗ ನಮ್ಮ ಅಪ್ಪನ ಹಾಗೇ ಮಾತಾಡಿದ್ದರು. ಆದರೆ ಇಲ್ಲಿ ಇವರ ಕನ್ನಡ ಕೆಟ್ಟುಹೋಗಿತ್ತು ಎಂದು ನನಗೆ ಅನ್ನಿಸುತ್ತಿತ್ತು. ಸಾರು ಚೆನ್ನಾಗಿದೆ ಎನ್ನುವ ಬದಲು “ಛಲೋ ಐತಿ” ಎನ್ನುತ್ತಿದ್ದರು. ಕಡಲೆಕಾಯಿ ಹೋಗಿ ಶೇಂಗಾ ಆಗಿತ್ತು. ಒಮ್ಮೆ ಸೊಪ್ಪಿನ ಸಾರಿಗೆ “ಬ್ಯಾಳಿ ಸ್ವಲ್ಪ ಜಾಸ್ತಿ ಹಾಕು” ಎಂದರು. ನಾನು ಸೌಟು ಕೆಳಗಿಟ್ಟು, “ಬೇಳೆ ಅನ್ನಿ, ಹಾಕ್ತೀನಿ,” ಎಂದೆ. ತಮಾಷೆಗೆ ಹೇಳಿದೆನೆಂದು ಇವರು ತಿಳಿದರು. ಗಂಡನ ನಾಲಿಗೆಯ ಮೇಲೇ ಇನ್ನೊಬ್ಬರು ಮನೆ ಮಾಡಿಕೊಂಡಿದ್ದರೆ ಹೆಂಡತಿಗೆ ಏನಾಗುತ್ತದೆಂದು ಇವರಿಗೆ ಹೇಗೆ ವಿವರಿಸುವುದು?

ಆತ ಕೆಟ್ಟವನಾಗಿದ್ದರೆ ಸುಲಭವಿತ್ತು. ಕೆಟ್ಟವನಲ್ಲ. ಒಗ್ಗರಣೆ ಹಾಕಿದಾಗ ಚಾವಣಿಯ ಹೊಗೆಗಂಟೆ ಕಿವಿ ಹರಿಯುವ ಹಾಗೆ ಅರಚಿದರೆ ಅದರ ಕೆಳಗೆ ಟವೆಲು ಬೀಸಬೇಕೆಂದು ತೋರಿಸಿಕೊಟ್ಟವನು ಆತ. ಲಾಂಡ್ರಿ ಕೋಣೆಯ ಯಂತ್ರ ಯಾವ ದಿನ ಖಾಲಿಯಿರುತ್ತದೆ, ಗ್ರೋಸರಿಯಲ್ಲಿ ಯಾವ ಮೊಸರು ಹುಳಿ ಬರುತ್ತದೆ ಎಂದು ಹೇಳಿಕೊಟ್ಟವನೂ ಆತನೇ. ಲೀಸಿನಲ್ಲಿ ಆತನ ಹೆಸರು ತೆಗೆದು ನನ್ನ ಹೆಸರು ಸೇರಿಸಬೇಕಿತ್ತು. ಇವರು ಇವತ್ತು ನಾಳೆ ಎಂದು ತಳ್ಳುತ್ತಿದ್ದಾಗ ಆತನೇ ಒಂದು ಶನಿವಾರ ನಮ್ಮಿಬ್ಬರನ್ನೂ ಅಪಾರ್ಟ್‌ಮೆಂಟಿನ ಆಫೀಸಿಗೆ ಎಳೆದುಕೊಂಡು ಹೋಗಿ ಸಹಿ ಮಾಡಿಸಿದ. ಇಷ್ಟೆಲ್ಲ ಉಪಕಾರ ಮಾಡಿದವನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನಲ್ಲ ಎಂದು ನನ್ನ ಮೇಲೇ ನನಗೆ ಹೇಸಿಗೆಯಾಗುತ್ತಿತ್ತು. ಸಂಜೆ ಅಂಗಳದಲ್ಲಿ ಆತನ ಚಪ್ಪಲಿ ಸದ್ದು ಕೇಳಿದರೆ ಹೇಸಿಗೆ ಮರೆತು ಕಿಚ್ಚೇ ಉಳಿಯುತ್ತಿತ್ತು.

ಒಂದು ಸಲ ಇವರಿಗೆ ಜ್ವರ ಬಂತು. ನಾನು ಗಂಜಿ ಮಾಡಿಕೊಟ್ಟೆ, ಎರಡು ಚಮಚ ಕುಡಿದು ಬಟ್ಟಲು ಸರಿಸಿದರು. ಸಂಜೆ ಆತ ಬಂದು ಹಣೆ ಮುಟ್ಟಿ ನೋಡಿ, ತನ್ನ ಮನೆಗೆ ಹೋಗಿ ಜೋಳದ ನುಚ್ಚು ಕುದಿಸಿ ಮಜ್ಜಿಗೆ ಕಲಸಿಕೊಂಡು ತಂದ. ಇವರು ಎದ್ದು ಕೂತು ಪೂರ್ತಿ ಉಂಡರು. “ಜ್ವರಾ ಬಂದ್ರ ಇಂವಂಗ ಬ್ಯಾರೆ ಏನೂ ಸೇರಂಗಿಲ್ರೀ ವೈನಿ. ಹ್ವಾದ ಸಲ ಎಂಟು ದಿನಾ ಇದನ್ನ ಉಂಡಾನ,” ಎಂದ. ನಾನು ಖಾಲಿ ಬಟ್ಟಲು ತೆಗೆದುಕೊಂಡು ಸಿಂಕಿಗೆ ಹೋದೆ. ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ.

ಹಗಲು ನಾನೊಬ್ಬಳೇ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಊರಿನಲ್ಲಿ ಎರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದ್ದವಳು ಇಲ್ಲಿ ಹನ್ನೊಂದಕ್ಕೆಲ್ಲ ಕೆಲಸ ಮುಗಿಸಿ ಲಗೂನಿನ ದಂಡೆಗೆ ಹೋಗಿ ಬಾತುಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ಮಧ್ಯಾಹ್ನ ಗಾಳಿ ಎದ್ದರೆ ವಾಪಸು. ಮನೆಯಲ್ಲಿ ಫೋನು ಹೊಡೆದುಕೊಳ್ಳುತ್ತಿರುತ್ತಿತ್ತು. ಹತ್ತರಲ್ಲಿ ಎಂಟು ಫೋನು ಆತನಿಗೆ. ಆತನ ರೆಸ್ಯೂಮೆಯಲ್ಲಿ ಇನ್ನೂ ನಮ್ಮ ಮನೆಯ ನಂಬರೇ ಇತ್ತು.

ಅದು ಡಾಟ್‌ಕಾಮಿನ, ಅಂದರೆ ಇಂಟರ್ನೆಟ್ ಕಂಪನಿಗಳ ಏರುಗಾಲ. ಪ್ರೋಗ್ರಾಮು ಬರೆಯಲು ಬಂದವರನ್ನು ಮನೆಬಾಗಿಲಿಗೆ ಬಂದು ಕರೆಯುತ್ತಿದ್ದರು. ಒಂದು ಹಳದಿ ಕಾಗದದ ಕಟ್ಟು ಫೋನಿನ ಪಕ್ಕ ಇಟ್ಟುಕೊಂಡು ಯಾರು ಕರೆದರು, ಯಾವ ಕಂಪನಿ, ಯಾವ ನಂಬರು ಎಂದು ಬರೆದಿಡುತ್ತಿದ್ದೆ. ಸಂಜೆ ಆತ ಅವನ್ನೆಲ್ಲ ನೋಡಿ ನಗುತ್ತ ಕಸದ ಬುಟ್ಟಿಗೆ ಹಾಕುತ್ತಿದ್ದ. ಆತನಿಗೆ ತನ್ನ ಪುಟ್ಟ ಕಂಪನಿಯ ಮೇಲೆ ಬಹಳ ನಂಬಿಕೆ. ಸಾಕುಪ್ರಾಣಿಗಳಿಗೆ ಬೇಕಾದ ಸಾಮಾನನ್ನು ಇಂಟರ್ನೆಟ್ಟಿನಲ್ಲಿ ಮಾರುವ ಕಂಪನಿ ಅದು. ಮೂವತ್ತು ಜನ, ಒಂದು ಹಳೆಯ ಗೋದಾಮು, ಗೋದಾಮಿನ ಮಧ್ಯೆ ಟೇಬಲ್ ಟೆನ್ನಿಸ್ ಮೇಜು.

ನಮ್ಮ ಮದುವೆಯ ಮೊದಲ ವರ್ಷ ತುಂಬುವ ದಿನ ನಾನು ಒಬ್ಬಟ್ಟು ಮಾಡಿದೆ. ಆ ಸುರುಳಿ ಸುರುಳಿ ಕರೆಂಟಿನ ಒಲೆಯ ಮೇಲೆ ಒಬ್ಬಟ್ಟು ಬೇಯಿಸುವುದು ಸುಲಭವಲ್ಲ. ಮೊದಲ ಆರು ಸೀದವು. ನಾನಾಗಿ ನೆನಪಿಸಬಾರದೆಂದು ಬೆಳಿಗ್ಗೆ ಏನೂ ಹೇಳಿರಲಿಲ್ಲ. ಆರು ಗಂಟೆಗೆ ಬರುತ್ತೇನೆಂದು ಇವರಾಗಿಯೇ ಹೇಳಿದ್ದರು. ಹಸಿರು ಅಂಚಿನ ಕಂದು ರೇಷ್ಮೆ ಸೀರೆ ಉಟ್ಟುಕೊಂಡು ಕೂತೆ. ಆರೂವರೆಯಾಯಿತು, ಏಳಾಯಿತು. ಎಂಟೂವರೆಗೆ ಮೆಟ್ಟಿಲ ಮೇಲೆ ಎರಡು ಜೊತೆ ಕಾಲಿನ ಸದ್ದು, ಅದರ ಜೊತೆಗೆ ಆ ನಗು.

ಇಬ್ಬರೂ ನಾಯಿಯ ಚಿತ್ರವಿದ್ದ ಒಂದೇ ಥರದ ಕಿತ್ತಳೆ ಬಣ್ಣದ ಟೀ ಶರ್ಟು ಹಾಕಿಕೊಂಡಿದ್ದರು. ಆತನ ಕಂಪನಿಯ ಪಾರ್ಟಿ ಇತ್ತಂತೆ. ಐದು ನಿಮಿಷ ಇಣುಕಿ ಬರೋಣವೆಂದು ಇವರನ್ನೂ ಕರೆದುಕೊಂಡು ಹೋಗಿದ್ದನಂತೆ. “ಏನು, ಸೀರೆ ಉಟ್ಟಿದೀಯಾ? ಯಾರಾದ್ರೂ ಬರ್ತಾರಾ?” ಎಂದರು ಇವರು.

ಆತ ಮೇಜಿನ ಮೇಲಿನ ಒಬ್ಬಟ್ಟು ನೋಡಿದ, ನನ್ನ ಸೀರೆ ನೋಡಿದ, ಗೋಡೆಯ ಕ್ಯಾಲೆಂಡರು ನೋಡಿದ.

“ಲೇ ಹುಚ್ಚ! ಇವತ್ತ ನಿನ್ನ ಲಗ್ನ ಆದ ದಿನ ಅಲ್ಲೇನಲೇ?” ಎಂದು ಇವರನ್ನು ಬೈದ. “ನನ್ನದೂ ತಪ್ಪಾತ್ರೀ ವೈನಿ. ನಾ ಇಂವನ್ನ ಎಳ್ಕೊಂಡು ಹೋದೆ. ನಾ ಹೊಂಟೆ, ನೀವಿಬ್ರೂ ಉಣ್ರಿ.” ಚಪ್ಪಲಿ ಮೆಟ್ಟಿ ಹೊರಟೇಹೋದ.

ಇವರು ಕ್ಷಮೆ ಕೇಳಿದರು. ಎರಡು ಸಲ ಕೇಳಿದರು. ನಾಲ್ಕು ಒಬ್ಬಟ್ಟು ತಿಂದರು. ಇವರು ಮರೆತದ್ದಕ್ಕಿಂತ ಆತನಿಗೆ ನೆನಪಾದದ್ದು ನನ್ನನ್ನು ಸುಡುತ್ತಿತ್ತು. ನನ್ನ ಮದುವೆಯ ದಿನವನ್ನೂ ಆತನೇ ನೆನಪಿಟ್ಟುಕೊಳ್ಳಬೇಕೇ?

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಫೋನು ಬಂತು. ಸ್ಯಾನ್ ರಮೋನಿನ ಒಂದು ಕಂಪನಿಯಿಂದ. ಮಾತಾಡಿದ ಹೆಂಗಸು ಬೇರೆಯವರ ಹಾಗೆ ಅವಸರ ಮಾಡಲಿಲ್ಲ, ನಿಧಾನವಾಗಿ ಹೇಳಿದಳು. ಬಹಳ ವರ್ಷಗಳಿಂದ ಇರುವ ಕಂಪನಿ, ಆತನ ಕೆಲಸ ಗೊತ್ತಿದ್ದವರು ಯಾರೋ ಆತನ ಹೆಸರು ಕೊಟ್ಟಿದ್ದಾರೆ, ಶುಕ್ರವಾರದೊಳಗೆ ಆತ ತನಗೆ ಫೋನು ಮಾಡಬೇಕು. ನಾನು ಹಳದಿ ಕಾಗದದ ಮೇಲೆ ಎಲ್ಲವನ್ನೂ ಬರೆದುಕೊಂಡೆ. ಹೆಸರಿನ ಸ್ಪೆಲಿಂಗು ಕೇಳಿ ಬರೆದುಕೊಂಡೆ. ಫೋನಿಟ್ಟ ಮೇಲೆ ಆ ಕಾಗದವನ್ನು ಕಟ್ಟಿನಿಂದ ಹರಿದು, ಪಿಜ್ಜಾ ಅಂಗಡಿಗಳ ಚೀಟಿಗಳಿದ್ದ ಖಾನೆಯೊಳಗೆ ಎಲ್ಲಕ್ಕಿಂತ ಕೆಳಗೆ ಇಟ್ಟೆ.

ಮರೆತೆ ಎಂದು ಬರೆಯುವುದು ಸುಲಭ. ಮರೆಯಲಿಲ್ಲ. ಬುಧವಾರವೂ ನೆನಪಿತ್ತು, ಗುರುವಾರವೂ ನೆನಪಿತ್ತು. ಶುಕ್ರವಾರ ಸಂಜೆ ಆತ ನಮ್ಮ ಸೋಫಾದ ಮೇಲೆ ಕೂತು ಅವಲಕ್ಕಿ ತಿನ್ನುತ್ತ, “ಇವತ್ತ ಯಾರೂ ಕರೀಲಿಲ್ಲೇನ್ರೀ ವೈನಿ? ನನ್ನ ರೇಟು ಬಿತ್ತು ಅನ್ರೀ ಹಂಗಾರ,” ಎಂದು ತಮಾಷೆ ಮಾಡಿದ. ಇಲ್ಲ ಎಂದೆ. ಆತನಿಗೆ ಸೇರಬೇಕಾದದ್ದು ಒಂದಾದರೂ ನನ್ನ ಕೈಯಲ್ಲಿದೆ ಎಂಬ ಒಂದು ಕೊಳಕು ಸುಖ ನನಗಾಯಿತು. ಮುಂದಿನ ವಾರ ಆ ಕಾಗದವನ್ನು ಚೂರು ಮಾಡಿ ಕಸದ ಜೊತೆ ಹಾಕಿದೆ.

ಚಳಿಗಾಲ ಕಳೆಯುವ ಹೊತ್ತಿಗೆ ಗಾಳಿ ಬೇರೆ ಕಡೆ ತಿರುಗಿತ್ತು. ಲಾಂಡ್ರಿ ಕೋಣೆಯಲ್ಲಿ ಹೆಂಗಸರು ಲೇಆಫ್ ಎನ್ನುವ ಮಾತನ್ನು ಕಾಯಿಲೆಯ ಹೆಸರಿನ ಹಾಗೆ ತಗ್ಗಿದ ದನಿಯಲ್ಲಿ ಆಡುತ್ತಿದ್ದರು. ನಮ್ಮ ಪಾರ್ಕಿಂಗ್ ಜಾಗದಲ್ಲಿ ವಾರಕ್ಕೊಂದು ಬಾಡಿಗೆ ಟ್ರಕ್ಕು ನಿಂತು ಯಾರದೋ ಮಂಚ ಮೇಜು ತುಂಬಿಕೊಂಡು ಹೋಗುತ್ತಿತ್ತು. ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಿಂಕಿನ ಮುಂದೆ ನಿಂತಿದ್ದೆ. ಅಂಗಳದ ಆಚೆ ಆತ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ತನ್ನ ಬಾಗಿಲ ಬೀಗ ತೆಗೆಯುತ್ತಿದ್ದ. ಆ ಹೊತ್ತಿನಲ್ಲಿ ಆತ ಮನೆಗೆ ಬಂದದ್ದನ್ನು ನಾನು ಎಂದೂ ನೋಡಿರಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಸಿಂಕಿನಲ್ಲಿಟ್ಟೆ.

ಆತನನ್ನು ಕೆಲಸದಿಂದ ತೆಗೆದಿದ್ದರು. ಕೆಲಸ ಹೋದರೆ ವೀಸಾನೂ ಹೋದಂತೆ. ಬೇಗ ಇನ್ನೊಂದು ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ತನ್ನ ಮನೆ ಬಿಟ್ಟು ಆತ ನಮ್ಮ ಎರಡನೇ ಕೋಣೆಗೆ ಬಂದ. ಕರೆತರಲೋ ಬೇಡವೋ ಎಂದು ಇವರು ನನ್ನನ್ನು ಕೇಳಲಿಲ್ಲ. ಆ ಕೋಣೆಯನ್ನು ಇವರು ಎಂದಿನಿಂದಲೂ ‘ಅವನ ರೂಮು’ ಎಂದೇ ಕರೆಯುತ್ತಿದ್ದರು. ನನಗಾಗಿ ಒಂದು ದಿನವೂ ಬೇಗ ಬಾರದವರು ಈಗ ಐದೂವರೆಗೆ ಮನೆಗೆ ಬರತೊಡಗಿದರು. ಆತನ ಜೊತೆ ಕೂತು ಅರ್ಜಿ ಬರೆಸುವುದು, ಲಗೂನಿನ ಸುತ್ತ ನಡೆದಾಡಿಸುವುದು, ನಗಿಸಲು ನೋಡುವುದು. ಇಬ್ಬರ ನಡುವೆ ನಾನು ತಟ್ಟೆ ಲೋಟ ಇಡುವವಳಾಗಿ ಓಡಾಡುತ್ತಿದ್ದೆ. ಒಳಗೆ ತಪ್ಪಿತಸ್ಥಳ ಭಯ, ಅದರ ಪಕ್ಕದಲ್ಲೇ ಹಳೆಯ ಕಿಚ್ಚು. ಒಂದು ಇದ್ದರೆ ಇನ್ನೊಂದು ಹೋಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗೇನೂ ಆಗಲಿಲ್ಲ.

ಫೋನು ಮಾತ್ರ ಸುಮ್ಮನಾಗಿತ್ತು. ದಿನಾ ಮಧ್ಯಾಹ್ನ ಆತ ಲೈಬ್ರರಿಯಿಂದ ಬಂದವನೇ, “ಯಾರರ ಕರ್ದಿದ್ರೇನ್ರೀ?” ಎಂದು ಕೇಳುತ್ತಿದ್ದ. ಈಗ ಆ ಮಾತಿನಲ್ಲಿ ತಮಾಷೆಯಿರಲಿಲ್ಲ. ಇಲ್ಲ ಎನ್ನುತ್ತಿದ್ದೆ. ಈಗ ಅದು ನಿಜವಾಗಿತ್ತು.

ಒಂದು ಮಧ್ಯಾಹ್ನ ಆತ ರೊಟ್ಟಿ ಬಡಿಯುತ್ತಿದ್ದ. ನಾನು ಪಕ್ಕದಲ್ಲಿ ಬದನೆಕಾಯಿ ಹೆಚ್ಚುತ್ತಿದ್ದೆ. ಹಿಟ್ಟಿನ ಮೇಲೆ ಅಂಗೈ ಬೀಳುವ ಸದ್ದಿನ ನಡುವೆ ಆತ ಹೇಳಿದ:

“ಸ್ಯಾನ್ ರಮೋನ್‌ದಾಗ ಒಂದು ಕಂಪನಿ ಐತ್ರೀ ವೈನಿ. ಹಳೇದು, ಇನ್ನೂ ಗಟ್ಟಿ ನಿಂತೈತಿ. ಹ್ವಾದ ವರ್ಷ ನಮ್ಮಂಥವ್ರನ್ನ ಭಾಳ ಮಂದೀನ್ನ ತಗೊಂಡಾರಂತ. ಈಗ ಹೊಸಬ್ರಿಗೆ ಬಾಗಲಾ ಹಾಕ್ಯಾರ. ನನ್ನ ಗೆಳ್ಯಾ ಒಬ್ಬಂವ ಅಲ್ಲಿ ನನ್ನ ಹೆಸರೂ ಕೊಟ್ಟಿದ್ನಂತ. ಯಾಕ ಕರೀಲಿಲ್ಲೋ ಏನೋ.”

ಚಾಕು ಕೆಳಗಿಟ್ಟೆ. “ಕರೆದಿದ್ರು,” ಎಂದೆ.

“ಯಾರ್ರೀ?”

“ಅದೇ ಕಂಪನಿಯವರು. ನಮ್ಮ ಮದುವೆ ದಿನ ಆಯ್ತಲ್ಲ, ಅದರ ಮಾರನೇ ದಿನ. ಶುಕ್ರವಾರದೊಳಗೆ ನೀವು ಫೋನ್ ಮಾಡ್ಬೇಕು ಅಂದ್ರು. ಬರ್ಕೊಂಡಿದ್ದೆ. ನಿಮಗೆ ಕೊಡಲಿಲ್ಲ.”

“ಮರ್ತಿದ್ರಿ?”

ಆ ಮಾತನ್ನು ಆತನೇ ನನ್ನ ಕೈಗೆ ಕೊಟ್ಟಿದ್ದ. ಹೌದು ಎಂದರೆ ಮುಗಿಯುತ್ತಿತ್ತು.

“ಇಲ್ಲ. ಬೇಕು ಅಂತಲೇ ಕೊಡಲಿಲ್ಲ.”

ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆಯೆದ್ದು ಚಾವಣಿಯ ಗಂಟೆ ಅರಚತೊಡಗಿತು. ಇಬ್ಬರೂ ಅಲುಗಾಡಲಿಲ್ಲ. ಆಮೇಲೆ ಆತ ಒಲೆ ಆರಿಸಿ, ಟವೆಲು ತೆಗೆದುಕೊಂಡು, ಗಂಟೆ ನಿಲ್ಲುವ ತನಕ ಬೀಸಿದ. ಟವೆಲನ್ನು ಮಡಿಸಿ ಮೊದಲಿದ್ದ ಜಾಗಕ್ಕೇ ಹಾಕಿದ.

“ಯಾಕ್ರೀ?” ಎಂದ.

“ನೀವು ಈ ಮನೆಯಲ್ಲಿ ಇರೋದು ನನಗೆ ತಡೆಯೋಕಾಗ್ತಿರಲಿಲ್ಲ,” ಎಂದೆ. ಆ ಮಾತು ಬಾಯಿಂದ ಹೊರಗೆ ಬಂದ ಮೇಲೆ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ನನಗೇ ನಾಚಿಕೆಯಾಯಿತು.

ಆತ ಕೈಗೆ ಹತ್ತಿದ್ದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆದ. “ಅವ್ರು ತಗೋತಿದ್ರೋ ಇಲ್ಲೋ, ನಾ ಹೋಗ್ತಿದ್ನೋ ಇಲ್ಲೋ, ಅದು ಬ್ಯಾರೆ ಮಾತು. ಆವಾಗ ನಾ ಅದನ್ನೂ ಹರ್ದು ಒಗೀತಿದ್ನೋ ಏನೋ. ಆದ್ರ ನನಗ ಬಂದದ್ದು ನನಗ ಮುಟ್ಟಿಸಬೇಕಿತ್ರೀ. ಹರ್ಯೂದು ನನ್ನ ಕೆಲಸ ಇತ್ತು.” ಉಳಿದ ಹಿಟ್ಟನ್ನು ಮುಚ್ಚಿಟ್ಟು ತನ್ನ ಕೋಣೆಗೆ ಹೋದ.

ಆಮೇಲೆ ಮೂರು ವಾರ ಆತ ನಮ್ಮ ಮನೆಯಲ್ಲಿದ್ದ. ನಾನು ಬಡಿಸಿದ್ದನ್ನು ಉಂಡ, ಲೋಟ ತೊಳೆದಿಟ್ಟ, ಕೇಳಿದ್ದಕ್ಕೆ ಉತ್ತರ ಕೊಟ್ಟ. ಆದರೆ ಮತ್ತೊಮ್ಮೆ ವೈನಿ ಎಂದು ಕರೆಯಲಿಲ್ಲ. “ಉಪ್ಪು ಕೊಡ್ರಿ,” “ಬಾಗಲಾ ಹಾಕ್ಕೋರಿ.” ಅಷ್ಟೇ. ಆ ಕರೆ ಇದ್ದಾಗ ನನಗೆ ಸಿಟ್ಟು ಬರುತ್ತಿತ್ತು. ಹೋದ ಮೇಲೆ ನನಗೆ ಆ ದೇಶದಲ್ಲಿದ್ದ ಒಂದೇ ಒಂದು ಸಂಬಂಧದ ಹೆಸರು ಹೋಯಿತೆಂದು ತಿಳಿಯಿತು. ಇವರಿಗೆ ಆತ ಏನೂ ಹೇಳಲಿಲ್ಲ. ಇವರಿಗೆ ಏನೂ ಗೊತ್ತಾಗಲೂ ಇಲ್ಲ.

ಕೆಲಸ ಸಿಗಲಿಲ್ಲ. ಒಂದು ಭಾನುವಾರ ಆತನನ್ನು ವಿಮಾನನಿಲ್ದಾಣಕ್ಕೆ ಬಿಟ್ಟುಬಂದೆವು. ಇಬ್ಬರೂ ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ. ಆತ ಇವರ ಬೆನ್ನಿಗೊಂದು ಗುದ್ದಿದ, ಇವರು ತಿರುಗಿ ಗುದ್ದಿದರು. ಹಿಂದಿರುಗುವಾಗ ನಾನು ಮುಂದಿನ ಸೀಟಿನಲ್ಲಿದ್ದೆ. ಮನೆಯ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಇಳಿಯದೆ ಸ್ಟೀರಿಂಗ್ ಹಿಡಿದುಕೊಂಡೇ ಕೂತರು. ಅಲ್ಲಿಯೇ ಎಲ್ಲವನ್ನೂ ಹೇಳಿದೆ. ಫೋನು, ಹಳದಿ ಕಾಗದ, ಖಾನೆ, ಶುಕ್ರವಾರ. ಬೈಯುತ್ತಾರೆ, ಇಲ್ಲವೇ ಇಳಿದು ಹೋಗುತ್ತಾರೆ ಎಂದುಕೊಂಡಿದ್ದೆ.

“ಅವನಿಗೆ ಹೇಳಿದೀಯಾ?” ಎಂದರು.

“ಹೇಳಿದೀನಿ. ಮೂರು ವಾರ ಆಯ್ತು.”

“ಮೂರು ವಾರ! ಅವನು ನನಗೆ ಹೇಳಲೇ ಇಲ್ಲ.” ಇವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಕೋಪಕ್ಕಿಂತ ಬೇರೆ ಏನೋ ಇತ್ತು. “ನಿಮ್ಮಿಬ್ಬರ ಮಧ್ಯೆ ಇಷ್ಟೆಲ್ಲ ನಡೆದಿದೆ. ನನಗೊಬ್ಬನಿಗೇ ಗೊತ್ತಿಲ್ಲ.”

ಆ ದನಿ ನನಗೆ ಚೆನ್ನಾಗಿ ಪರಿಚಯವಿತ್ತು. ಒಂದೂವರೆ ವರ್ಷದಿಂದ ನನ್ನ ಎದೆಯೊಳಗೆ ಮಾತಾಡುತ್ತಿದ್ದದ್ದು ಅದೇ ದನಿ. ಸಂಕಟದ ಮಧ್ಯೆಯೂ ಒಂದು ಕ್ಷಣ ನನಗೆ ಹಾಯೆನಿಸಿತು. ಹಾಗೆ ಅನಿಸಿದ್ದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆದೂ ಪ್ರಯೋಜನವಿಲ್ಲ.

“ನೀವು ಅವರ ಜೊತೆ ನಗೋ ಹಾಗೆ ನನ್ನ ಜೊತೆ ಒಂದಿನಾನೂ ನಕ್ಕಿಲ್ಲ,” ಎಂದೆ.

ಇವರು ಸ್ಟೀರಿಂಗಿನಿಂದ ಕೈ ತೆಗೆದು ಹೇಳಿದರು, “ನಿನ್ನ ಮುಂದೆ ಜೋರಾಗಿ ನಗೋಕೆ ನನಗೆ ಹೆದರಿಕೆ. ನೀನು ಟೀಚರ್ ಥರ ನೋಡ್ತೀಯಾ.”

ನಗು ಬರುವ ಮಾತೇ ಅದು. ಅವತ್ತು ಇಬ್ಬರಿಗೂ ಬರಲಿಲ್ಲ. ಹತ್ತು ಹನ್ನೆರಡು ದಿನ ಬೇಕಾದ್ದಕ್ಕೆ ಮಾತ್ರ ಮಾತು. ಇವರು ಸಂಜೆ ಒಬ್ಬರೇ ಲಗೂನಿನ ಸುತ್ತ ನಡೆಯಲು ಹೋಗುತ್ತಿದ್ದರು. ಹದಿಮೂರನೆಯ ದಿನವೋ ಹದಿನಾಲ್ಕನೆಯ ದಿನವೋ, ಕೇಳದೆಯೇ ನಾನೂ ಚಪ್ಪಲಿ ಮೆಟ್ಟಿ ಹೊರಟೆ. ಇವರು ಬೇಡವೆನ್ನಲಿಲ್ಲ. ಅರ್ಧ ಸುತ್ತು ಆದ ಮೇಲೆ ಆತನ ವಿಷಯ ಮಾತಾಡತೊಡಗಿದರು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಇಬ್ಬರಿಗೂ ಒಂದೇ ದಪ್ಪ ಕೋಟು ಇದ್ದದ್ದು, ಒಬ್ಬರು ಹೊರಗೆ ಹೋದರೆ ಇನ್ನೊಬ್ಬರು ಮನೆಯಲ್ಲೇ ಕೂರುತ್ತಿದ್ದದ್ದು. ನಾನು ಕೇಳಿಸಿಕೊಂಡೆ. ನಡುವೆ ಒಂದೆರಡು ಪ್ರಶ್ನೆ ಕೇಳಿದೆ. ಒಳಗೆ ಉರಿಯುತ್ತಿತ್ತು, ಆದರೂ ಕೇಳಿದೆ.

ಎಂಟು ತಿಂಗಳ ನಂತರ ಆತನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ನಾನು ಒಂದು ಪತ್ರ ಬರೆದೆ, ಕ್ಷಮಿಸಿ ಎಂದು. ಉತ್ತರ ಬರಲಿಲ್ಲ. ಆತನ ಮದುವೆಯ ಕರೆಯೋಲೆ ಬಂತು. ಲಕೋಟೆಯ ಮೇಲೆ ನಮ್ಮಿಬ್ಬರ ಹೆಸರನ್ನೂ ಬರೆದಿದ್ದ. ಅಷ್ಟು ಸಾಕೆಂದುಕೊಂಡೆ. ನಮಗೆ ಹೋಗಲಾಗಲಿಲ್ಲ, ನಾನು ಆಗ ಆರು ತಿಂಗಳ ಬಸುರಿ. ಮಗಳು ಹುಟ್ಟಿದ ಮೇಲೆ ಫಾಸ್ಟರ್ ಸಿಟಿಯ ಮನೆ ಬಿಟ್ಟು ಯೂನಿಯನ್ ಸಿಟಿಗೆ ಬಂದೆವು.

ವರ್ಷಗಳೆಷ್ಟೋ ಆದವು. ಈಗಲೂ ಭಾನುವಾರ ಬೆಳಿಗ್ಗೆ ಆತನ ಫೋನು ಬರುತ್ತದೆ. ಕೆಲವು ಸಲ ನಾನೇ ಎತ್ತುತ್ತೇನೆ. ಆರಾಮೇನ್ರೀ ಎಂದು ಕೇಳುತ್ತಾನೆ, ಮಗಳ ಓದಿನ ಬಗ್ಗೆ ಕೇಳುತ್ತಾನೆ, ಮರ್ಯಾದೆಯಿಂದ ಎರಡು ಮಾತಾಡಿ ಇವರನ್ನು ಕರೆಯಲು ಹೇಳುತ್ತಾನೆ. ಇವರು ಫೋನು ಹಿಡಿದು ಹಿತ್ತಲಿಗೆ ಹೋಗಿ ನಿಂಬೆಗಿಡದ ಹತ್ತಿರ ನಿಲ್ಲುತ್ತಾರೆ. ಸ್ವಲ್ಪ ಹೊತ್ತಿಗೆ ಗಾಜಿನ ಬಾಗಿಲ ಆಚೆಯಿಂದ ನಗು ಕೇಳುತ್ತದೆ. ಇವರು ಈಗ ನನ್ನ ಜೊತೆಯೂ ನಗುತ್ತಾರೆ, ಜೋರಾಗಿಯೇ ನಗುತ್ತಾರೆ. ಆದರೆ ಅದು ಬೇರೆ ನಗು. ಆ ಭಾನುವಾರದ ನಗು ನನ್ನ ಪಾಲಿಗೆ ಬಂದಿಲ್ಲ, ಬರುವುದೂ ಇಲ್ಲ. ನಾನು ಕಾಫಿ ಸೋಸುತ್ತೇನೆ, ಇವರ ಲೋಟ ಆರದಂತೆ ಮೇಲೆ ತಟ್ಟೆ ಮುಚ್ಚಿಡುತ್ತೇನೆ, ಕಿವಿಯನ್ನು ಮಾತ್ರ ಬಾಗಿಲ ಕಡೆಗೇ ಇಟ್ಟಿರುತ್ತೇನೆ.